ವಯಸ್ಸಾಗಿದ್ದು ಸಾಫ್ಟ್‌ವೇರಿಗಾ, ನಮಗಾ?

"ಏರ್‌ಲೈನ್ಸಿನವರು ಇನ್ನೂ ಅರವತ್ತರ ದಶಕದ ಸಾಫ್ಟ್‌ವೇರ್ ಇಟ್ಕೊಂಡಿದಾರಂತಲ್ಲ, ವಿಮಾನ ಹತ್ತೋಕೆ ಭಯ ಆಗಲ್ವಾ?" ಅಂತ ಇಲ್ಲಿ ಅಮೆರಿಕದಲ್ಲಿ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದ್ರೂ ಯಾರಾದ್ರೂ ಒಬ್ಬರು ಕೇಳ್ತಾರೆ. ನಾನು ರಿಸರ್ವೇಶನ್ ಸಿಸ್ಟಮ್‌ಗಳಲ್ಲಿ ಕೆಲಸ ಮಾಡಿ ರಿಟೈರ್ ಆದವನು ಅಂತ ಗೊತ್ತಾದರಂತೂ ಮುಗೀತು! ಊಟದ ಮಧ್ಯೆ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಪೂರ್ತಿ ಬರೆದುಬಿಡ್ತೀನಿ.

ಮೊದಲು ಒಂದು ಮಾತು. ಟಿಕೆಟ್ ಬುಕ್ ಮಾಡೋ ಸಾಫ್ಟ್‌ವೇರೇ ಬೇರೆ, ವಿಮಾನದೊಳಗೆ ಇರೋದೇ ಬೇರೆ, ಆಕಾಶದ ಟ್ರಾಫಿಕ್ ನೋಡ್ಕೊಳ್ಳೋದೇ ಬೇರೆ. ಹಳೇದು ಅಂತ ಜನ ಹೆಚ್ಚು ಬೈಯೋದು ಮೊದಲನೇದನ್ನ. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್ 1964ರ ಹೊತ್ತಿಗೆ ಪೂರ್ತಿ ಚಾಲನೆಗೆ ಬಂತು. ಅದೇ ವಂಶದಲ್ಲಿ ಹುಟ್ಟಿದ ಐಬಿಎಂನ ಟಿಪಿಎಫ್ ಇವತ್ತಿಗೂ ಓಡ್ತಾ ಇದೆ. ಮೆಮೊರಿ ಬಂಗಾರದಷ್ಟು ದುಬಾರಿಯಾಗಿದ್ದ ಕಾಲದ್ದು, ಒಂದೊಂದು ಬೈಟನ್ನೂ ಎಣಿಸಿ ಬರೆದದ್ದು. ಅದಕ್ಕೇ ಅಷ್ಟು ವೇಗ.

ಹಾಗಾದ್ರೆ ಹೊಸದು ಕೈಕೊಡೋದೇ ಇಲ್ವಾ? ಬೋಯಿಂಗ್ 787 ಪ್ರಯಾಣಿಕರ ಸೇವೆಗೆ ಬಂದದ್ದು 2011ರಲ್ಲಿ. ಅದರ ಜನರೇಟರ್‌ಗಳನ್ನು ನೋಡಿಕೊಳ್ಳೋ ಕಂಪ್ಯೂಟರುಗಳು 248 ದಿನ ಒಂದೇ ಸಮನೆ ಆನ್ ಆಗಿದ್ರೆ ಎಲ್ಲವೂ ಒಟ್ಟಿಗೆ ಕೈಚೆಲ್ಲಿ, ವಿಮಾನದ ಕರೆಂಟೇ ಹೋಗಬಹುದು ಅಂತ 2015ರಲ್ಲಿ ಎಫ್‌ಎಎ ಎಚ್ಚರಿಸಿತು. ಸೆಕೆಂಡಿನ ನೂರನೇ ಒಂದು ಭಾಗವನ್ನ 32 ಬಿಟ್‌ನ ಕೌಂಟರಿನಲ್ಲಿ (ಒಂದು ಬಿಟ್ ಪ್ಲಸ್-ಮೈನಸ್ ಚಿಹ್ನೆಗೆ ಹೋಗುತ್ತೆ) ಎಣಿಸ್ತಾ ಹೋದ್ರೆ ಅದು ತುಂಬೋಕೆ ಸರಿಯಾಗಿ ಅಷ್ಟೇ ದಿನ ಬೇಕು, ಲೆಕ್ಕ ಹಾಕಿ ನೋಡಿ. ಮದ್ದು? ಆಗಾಗ ಆಫ್ ಮಾಡಿ ಆನ್ ಮಾಡೋದು!

ಇನ್ನು 2025ರ ನವೆಂಬರ್ ಕಥೆ ಕೇಳಿ. ಸೂರ್ಯನ ವಿಕಿರಣದಿಂದ ಎ320 ಜಾತಿಯ ವಿಮಾನಗಳ ನಿಯಂತ್ರಣದ ಡೇಟಾ ಕೆಡಬಹುದು ಅಂತ ಗೊತ್ತಾಗಿ, ಏರ್‌ಬಸ್ ಸುಮಾರು 6,000 ವಿಮಾನಗಳನ್ನ ಸರಿಮಾಡಿಸ್ಬೇಕಾಯ್ತು. ಬಹುತೇಕ ವಿಮಾನಗಳಿಗೆ ಹಾಕಿದ್ದು ಏನು ಗೊತ್ತಾ? ಹಿಂದಿನ ಆವೃತ್ತಿಯ ಸಾಫ್ಟ್‌ವೇರ್!

ಹಾಗಂತ ಹಳೇದೇ ಚಿನ್ನ ಅಂತ ನಾನು ಹೇಳ್ತಿಲ್ಲ. ಎಫ್‌ಎಎಯ 138 ಸಿಸ್ಟಮ್‌ಗಳಲ್ಲಿ 51 ಇನ್ನು ನಡೆಸಿಕೊಂಡು ಹೋಗೋಕಾಗದ ಸ್ಥಿತಿಯಲ್ಲಿವೆ ಅಂತ ಸರ್ಕಾರಿ ಲೆಕ್ಕಪರಿಶೋಧಕರೇ 2024ರಲ್ಲಿ ಬರೆದರು. ಬಿಡಿಭಾಗ ಸಿಗಲ್ಲ, ಗೊತ್ತಿರೋ ಜನ ಸಿಗಲ್ಲ. ಈ ಎರಡನೇದೇ ನನ್ನನ್ನ ಕಾಡೋದು.

ಇಂಗ್ಲೆಂಡಿನ ಉದಾಹರಣೆ ನೋಡಿ. 2023ರ ಆಗಸ್ಟ್ 28ರಂದು ಲಾಸ್ ಏಂಜಲಿಸ್‌ನಿಂದ ಪ್ಯಾರಿಸ್‌ಗೆ ಹೊರಟ ಒಂದು ವಿಮಾನದ ಫ್ಲೈಟ್ ಪ್ಲಾನ್ ಅಲ್ಲಿನ ಏರ್ ಟ್ರಾಫಿಕ್ ಕಂಟ್ರೋಲಿಗೆ ಬಂತು. ಅದರಲ್ಲಿ 'ಡಿವಿಎಲ್' ಅನ್ನೋ ಹೆಸರು ಎರಡು ಸಲ ಇತ್ತು: ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ಯಾವುದು ಯಾವುದು ಅಂತ ತಿಳಿಯದೆ ಸಿಸ್ಟಮ್ ತಾನೇ ನಿಂತಿತು. ಬ್ಯಾಕಪ್ಪು? ಅದರಲ್ಲಿದ್ದದ್ದೂ ಅದೇ ಪ್ರೋಗ್ರಾಮು, ಅದೂ ನಿಂತಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಪೇಚಿಗೆ ಸಿಕ್ಕಿದರು. ಆ ಸಿಸ್ಟಮ್ ಚಾಲನೆಗೆ ಬಂದು ಐದು ವರ್ಷವಷ್ಟೇ ಆಗಿತ್ತು. ಅದನ್ನ ಬರೆದ ಕಂಪನಿಯನ್ನ ಕೇಳೋಣ ಅಂತ ಇವರಿಗೆ ಹೊಳೆದದ್ದು ನಾಲ್ಕು ಗಂಟೆ ಕಳೆದ ಮೇಲೆ!

ಅಂದ್ರೆ ಸಾಫ್ಟ್‌ವೇರಿನ ವಯಸ್ಸನ್ನ ವರ್ಷದಲ್ಲಿ ಎಣಿಸಬಾರದು. ಒಳಗೆ ಏನಿದೆ ಅಂತ ಬಲ್ಲವರು ಎಷ್ಟು ಜನ ಉಳಿದಿದಾರೆ, ಬೇಕಾದಾಗ ಅವರು ಕೈಗೆ ಸಿಗ್ತಾರಾ, ಅದರಲ್ಲಿ ಎಣಿಸಬೇಕು. ಮಲೆನಾಡಿನ ಹಳೇ ಮನೆಗಳ ತೊಲೆ ಇನ್ನೂ ಗಟ್ಟಿಯಾಗೇ ಇರುತ್ತೆ. ಯಾವ ಕೀಲು ಎಲ್ಲಿ ಕೂರಿಸಿದೆ ಅಂತ ಬಲ್ಲ ಆಚಾರಿ ಹೋದ ಮೇಲೆ ಮಾತ್ರ ಒಂದು ಹೆಂಚು ತೆಗೆಯೋಕೂ ಭಯ.

ನಾನು ಕೆಲಸ ಬಿಡುವಾಗ ಕಂಪನಿ 'ನಾಲೆಜ್ ಟ್ರಾನ್ಸ್‌ಫರ್' ಅಂತ ಎರಡು ವಾರ ಕೊಟ್ಟಿತ್ತು. ಇಪ್ಪತ್ತೆಂಟು ವರ್ಷದ ಅನುಭವಕ್ಕೆ ಎರಡು ವಾರ! ಎದುರಿಗೆ ಕೂತ ಹುಡುಗ ಜಾಣ, ಬೆಂಗಳೂರಿನಿಂದ ಬಂದವನು. "ಸರ್, ಈ ನಾಲ್ಕು ಸಾಲು ಯಾಕಿದೆ?" ಅಂತ ಕೇಳ್ದ. ಯಾವುದೋ ವರ್ಷದ ಹಿಮಪಾತದಲ್ಲಿ ಸೀಟುಗಳ ಲೆಕ್ಕ ತಪ್ಪಿದ ಮೇಲೆ ಸೇರಿಸಿದ ಸಾಲುಗಳವು. ಅದನ್ನ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆಯೋಕೆ ಯಾರಿಗೂ ಸಮಯ ಕೊಟ್ಟಿರಲೂ ಇಲ್ಲ. ಅವನು ಕೇಳದೆ ಅಳಿಸಿದ್ದಿದ್ರೆ ಮುಂದಿನ ಹಿಮಪಾತದವರೆಗೂ ಗೊತ್ತಾಗ್ತಿರಲಿಲ್ಲ.

ಹೊಸದು ಬೇಕು, ಖಂಡಿತ ಬೇಕು. ಆದ್ರೆ ಹಳೇದನ್ನ ಕಿತ್ತು ಹಾಕೋ ಮುಂಚೆ ಅದು ಏನೇನು ಮಾಡ್ತಿದೆ, ಯಾಕೆ ಮಾಡ್ತಿದೆ ಅಂತ ಬಲ್ಲವರ ಪಕ್ಕ ಎರಡು ವಾರ ಅಲ್ಲ, ಎರಡು ವರ್ಷ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ. ಹೊಸ ಸಿಸ್ಟಮ್ಮಿಗೆ ಸುರಿಯೋ ದುಡ್ಡಿನ ಮುಂದೆ ಆ ಸಂಬಳ ಏನೂ ಅಲ್ಲ.

ವಿಮಾನ ಹತ್ತೋಕೆ ಭಯ ಆಗುತ್ತಾ ಅಂದ್ರಲ್ಲ? ಇಲ್ಲ, ಮುಂದಿನ ತಿಂಗಳು ಬೆಂಗಳೂರಿಗೆ ಟಿಕೆಟ್ ಆಗಿದೆ. ಆರು ಅಕ್ಷರದ ಬುಕಿಂಗ್ ಕೋಡನ್ನ ಮಾತ್ರ ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಕೋತೀನಿ. ನೀವೂ ಇಟ್ಕೊಳ್ಳಿ!