ಕುದುರೆ ಓಡುತ್ತಿದೆ, ಸುದ್ದಿ ನಿಂತಲ್ಲೇ ನಿಂತಿದೆ

ಪತ್ರಿಕೆಯ ಕ್ರೀಡಾಪುಟದಲ್ಲಿ ಕ್ರಿಕೆಟ್, ಫುಟ್‌ಬಾಲ್, ಟೆನಿಸ್‌ಗಳು ತಮ್ಮ ತಮ್ಮ ಪಾಲನ್ನು ಪಡೆದ ಮೇಲೆ ತಳದಲ್ಲಿ ಒಂದು ಮೂಲೆ ಉಳಿಯುತ್ತದೆ. ಇರುವೆ ಸಾಲಿನಂತಹ ಸಣ್ಣ ಅಕ್ಷರ, ಒಂದಷ್ಟು ಹೆಸರು, ಒಂದಷ್ಟು ಅಂಕಿ. ಕುದುರೆ ರೇಸಿನ ಸುದ್ದಿ ಇರುವುದು ಅಲ್ಲಿ. ಓದಬಲ್ಲವರು ಓದುತ್ತಾರೆ, ಉಳಿದವರು ಪುಟ ಮಗುಚುತ್ತಾರೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಟರ್ಫ್ ಕ್ಲಬ್ಬಿನ ಸಾರ್ವಜನಿಕ ಗ್ಯಾಲರಿಯಲ್ಲಿ ನಿಂತು ರೇಸು ನೋಡಿದವನು ನಾನು. ಆ ಮೂಲೆಯನ್ನು ಮೊದಲು ಓದಿ ಅನಂತರ ಮುಖಪುಟಕ್ಕೆ ಬರುವವರಲ್ಲಿ ಒಬ್ಬ. ಆ ಸಲುಗೆಯಿಂದಲೇ ಒಂದು ಮಾತು ಹೇಳಬೇಕೆನಿಸಿದೆ. ನಮ್ಮಲ್ಲಿ ರೇಸಿನ ಸುದ್ದಿ ಬರೆಯುವ ಕ್ರಮವು ರೇಸಿಗೂ ನ್ಯಾಯ ಒದಗಿಸುತ್ತಿಲ್ಲ, ಓದುಗನಿಗೂ ನ್ಯಾಯ ಒದಗಿಸುತ್ತಿಲ್ಲ.

ಇದು ಸಣ್ಣ ಸಂಗತಿಯೆಂದು ತಳ್ಳಿಹಾಕುವವರು ಒಂದು ಅಂಶವನ್ನು ಗಮನಿಸಬೇಕು. ಕುದುರೆ ರೇಸು ಜೂಜೋ, ಕೌಶಲವೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಉತ್ತರ ಕೊಟ್ಟಿತು. ತಮಿಳುನಾಡು ಸರಕಾರವು ರೇಸನ್ನು ನಿಷೇಧಿಸಲು 1974ರಲ್ಲಿ ತಂದ ಕಾನೂನಿನಿಂದ ಹುಟ್ಟಿದ ವ್ಯಾಜ್ಯವದು. ಕುದುರೆಯ ತಳಿ, ತರಬೇತಿ, ಹಿಂದಿನ ಓಟಗಳು, ಜಾಕಿಯ ಸಾಮರ್ಥ್ಯ, ಹೊರುವ ಭಾರ ಇವೆಲ್ಲವನ್ನೂ ತೂಗಿ ನೋಡಿ ನಿರ್ಧರಿಸಬೇಕಾದ್ದರಿಂದ ರೇಸಿನಲ್ಲಿ ಅದೃಷ್ಟಕ್ಕಿಂತ ಕೌಶಲವೇ ಪ್ರಧಾನ ಎಂಬುದು ನ್ಯಾಯಾಲಯದ ತೀರ್ಮಾನದ ಸಾರ. ಲಾಟರಿಗೂ ರೇಸಿಗೂ ಕಾನೂನು ಗೆರೆ ಎಳೆದಿರುವುದು ಇಲ್ಲಿಯೇ.

ಹಾಗಿದ್ದರೆ ಮುಂದಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕೌಶಲಕ್ಕೆ ಮಾಹಿತಿ ಬೇಕು. ಆ ಮಾಹಿತಿಯನ್ನು ಸಾಮಾನ್ಯ ಪ್ರೇಕ್ಷಕನಿಗೆ ಕೊಡುವವರು ಯಾರು? ಮಾಲೀಕನಿಗೆ ತನ್ನ ತರಬೇತುದಾರನಿದ್ದಾನೆ, ತರಬೇತುದಾರನಿಗೆ ತನ್ನ ಲಾಯವಿದೆ, ಬುಕ್‌ಮೇಕರನಿಗೆ ತನ್ನ ಜನರಿದ್ದಾರೆ. ಎರಡನೆಯ ಎನ್‌ಕ್ಲೋಷರಿನಲ್ಲಿ ನಿಂತ ಗುಮಾಸ್ತನಿಗೆ, ಆಟೋ ಚಾಲಕನಿಗೆ, ನಿವೃತ್ತ ಶಿಕ್ಷಕನಿಗೆ ಇರುವುದು ಪತ್ರಿಕೆ ಮತ್ತು ದ್ವಾರದ ಬಳಿ ಮಾರುವ ರೇಸ್ ಪುಸ್ತಕ ಮಾತ್ರ. ಅವು ಬಾಯಿ ಮುಚ್ಚಿಕೊಂಡರೆ ಮಾಲೀಕನಿಗೆ ಕೌಶಲವಾಗಿರುವ ಅದೇ ಆಟ ಈ ಬಡವನ ಪಾಲಿಗೆ ಶುದ್ಧ ಜೂಜಾಗಿಬಿಡುತ್ತದೆ.

ಫಲಿತಾಂಶ ಹೇಳುವುದೆಷ್ಟು, ಮರೆಸುವುದೆಷ್ಟು

ರೇಸಿನ ಫಲಿತಾಂಶವನ್ನು ಒಮ್ಮೆ ಬಿಡಿಸಿ ನೋಡೋಣ. ಎಷ್ಟು ಮೀಟರಿನ ಓಟ, ಯಾವ ರೇಟಿಂಗಿನ ಕುದುರೆಗಳಿಗೆ ಎಂಬುದು ಮೊದಲ ಸಾಲು. ಆಮೇಲೆ ಮೊದಲ ನಾಲ್ಕು ಕುದುರೆಗಳ ಹೆಸರು, ಜಾಕಿಗಳ ಹೆಸರು. ಗೆಲುವಿನ ಅಂತರವನ್ನು ‘ಲೆಂಗ್ತ್’ಗಳಲ್ಲಿ ಹೇಳುತ್ತಾರೆ. ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ, ಸುಮಾರು ಎರಡೂವರೆ ಮೀಟರು. ಅನಂತರ ಓಟದ ಸಮಯ. ಕೊನೆಯಲ್ಲಿ ಟೋಟಿನ ಲೆಕ್ಕ: ವಿನ್‌ಗೆ ಇಷ್ಟು, ಪ್ಲೇಸ್‌ಗೆ ಇಷ್ಟು, ಕ್ವಿನೆಲಾ, ಟ್ರಿನೆಲಾ, ಎಕ್ಸಾಕ್ಟಾಗಳಿಗೆ ಇಷ್ಟಿಷ್ಟು. ಫೇವರಿಟ್ ಯಾವುದಿತ್ತು, ಮಾಲೀಕರು ಯಾರು, ತರಬೇತುದಾರರು ಯಾರು ಎಂಬುದರೊಂದಿಗೆ ಮುಕ್ತಾಯ.

ಅಚ್ಚುಕಟ್ಟಾದ ಲೆಕ್ಕವೇನೋ ಹೌದು. ಆದರೆ ರೇಸು ನೋಡಿದವನಿಗೆ ನೆನಪಿರುವುದು ಬೇರೆಯೇ. ಐದನೆಯದಾಗಿ ಬಂದ ಕುದುರೆಗೆ ತಿರುವಿನಲ್ಲಿ ದಾರಿ ಸಿಗದೆ ಎರಡು ಬಾರಿ ಲಗಾಮು ಎಳೆಯಬೇಕಾಯಿತು. ಮೂರನೆಯದು ಗೇಟಿನಲ್ಲಿಯೇ ತಡವಾಗಿ ಹೊರಟಿತು. ಗೆದ್ದದ್ದು ಒಳಗಿನ ಕಟಕಟೆಯ ಪಕ್ಕದಲ್ಲಿ ಯಾವ ತಡೆಯೂ ಇಲ್ಲದೆ ಓಡಿತು. ಮುಂದಿನ ಬಾರಿ ಯಾವ ಕುದುರೆಯನ್ನು ಗಮನಿಸಬೇಕು ಎಂಬ ತಿಳಿವಳಿಕೆ ಇರುವುದು ಈ ವಿವರಗಳಲ್ಲಿ. ಅಚ್ಚಾದ ಫಲಿತಾಂಶದಲ್ಲಿ ಇವುಗಳ ಸುಳಿವೂ ಇರುವುದಿಲ್ಲ. ಐದನೆಯ ಕುದುರೆಗಂತೂ ಹೆಸರೇ ಇರುವುದಿಲ್ಲ.

ಭಾರದ ಲೆಕ್ಕವೂ ಹಾಗೆಯೇ. ನಮ್ಮಲ್ಲಿ ಬಹುಪಾಲು ರೇಸುಗಳು ಹ್ಯಾಂಡಿಕ್ಯಾಪ್ ಮಾದರಿಯವು. ಕುದುರೆಯ ಸಾಮರ್ಥ್ಯಕ್ಕೆ ಒಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಾದಷ್ಟೂ ಬೆನ್ನ ಮೇಲಿನ ಭಾರ ಹೆಚ್ಚು. ಒಂದು ಅಂಕಕ್ಕೆ ಅರ್ಧ ಕಿಲೋ ಎಂದಿಟ್ಟುಕೊಂಡರೆ 40 ಅಂಕದ ಕುದುರೆ 30 ಅಂಕದ ಕುದುರೆಗಿಂತ ಐದು ಕಿಲೋ ಹೆಚ್ಚು ಹೊರಬೇಕು. ಎಲ್ಲ ಕುದುರೆಗಳೂ ಗುರಿಗೆರೆಗೆ ಒಟ್ಟಿಗೇ ಬರುವಂತಾಗಲಿ ಎಂಬುದು ಇದರ ಆದರ್ಶ. ಗೆದ್ದ ಕುದುರೆಯ ಅಂಕ ಏರುತ್ತದೆ, ಸೋಲುತ್ತಾ ಹೋದದ್ದರ ಅಂಕ ಇಳಿಯುತ್ತದೆ. ರೇಸಿನ ಸೊಗಸು ಇರುವುದೂ ಇಲ್ಲಿಯೇ, ಸಂದೇಹ ಹುಟ್ಟುವುದೂ ಇಲ್ಲಿಯೇ. ಅಂಕ ಇಳಿಯಲೆಂದು ಕುದುರೆಯನ್ನು ಮನಸ್ಸಿಟ್ಟು ಓಡಿಸದಿರುವ ಪ್ರಲೋಭನೆ ಈ ಪದ್ಧತಿಯೊಳಗೇ ಅಡಗಿದೆ. ಅದನ್ನು ತಡೆಯಲೆಂದೇ ಸ್ಟೀವರ್ಡುಗಳಿದ್ದಾರೆ, ವಿಚಾರಣೆಯಿದೆ, ಶಿಕ್ಷೆಯಿದೆ. ಆದರೆ ವಿಚಾರಣೆ ನಡೆದರೆ ನಮ್ಮ ವರದಿಗಳಲ್ಲಿ ಅದಕ್ಕೆ ಸಿಗುವುದು ಒಂದು ಸಾಲು. ಏಕೆ ನಡೆಯಿತು, ಜಾಕಿ ಏನು ಹೇಳಿದ, ತೀರ್ಪಿನ ಕಾರಣವೇನು ಎಂಬುದು ಓದುಗನಿಗೆ ತಿಳಿಯುವುದಿಲ್ಲ. ತಿಳಿಯದ ಕಡೆ ವದಂತಿ ಬೆಳೆಯುತ್ತದೆ. ‘ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತದೆ’ ಎಂಬ ಮಾತು ಗ್ಯಾಲರಿಯಲ್ಲಿ ಪ್ರತಿ ಸೋಲಿನ ನಂತರವೂ ಕೇಳಿಬರುತ್ತದೆ. ಅದು ನಿಜವೋ ಸುಳ್ಳೋ, ಅದಕ್ಕೆ ಗೊಬ್ಬರ ಹಾಕುತ್ತಿರುವುದು ಮಾತ್ರ ಈ ಮೌನ.

ಟಿಪ್ಸ್ ಎಂಬ ಪಂಚಾಂಗ

ವರದಿಗಿಂತ ಹೆಚ್ಚು ಓದಿಸಿಕೊಳ್ಳುವುದು ಟಿಪ್ಸ್. ರೇಸಿಗೆ ಮೂರು ಹೆಸರು, ದಿನಕ್ಕೆ ಒಂದು ‘ಬೆಸ್ಟ್’. ಏಕೆ ಈ ಕುದುರೆ ಎಂದು ಕೇಳಿದರೆ ‘ಉತ್ತಮ ಸ್ಥಿತಿಯಲ್ಲಿದೆ’, ‘ತಾಲೀಮಿನಲ್ಲಿ ಮೆಚ್ಚುಗೆ ಗಳಿಸಿದೆ’ ಎಂಬ ಉತ್ತರ. ಪಂಚಾಂಗದ ರಾಶಿಫಲಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಹಿಂದೊಮ್ಮೆ ಒಂದು ಬೇಸಿಗೆ ಋತುವಿನುದ್ದಕ್ಕೂ ಒಂದು ಪತ್ರಿಕೆಯ ಟಿಪ್ಸ್ ಅನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರ ಮೊದಲ ಆಯ್ಕೆ ಬಹುತೇಕ ಫೇವರಿಟ್ ಕುದುರೆಯೇ ಆಗಿರುತ್ತಿತ್ತು. ಫೇವರಿಟ್ ಕುದುರೆಗಳು ಸ್ಥೂಲವಾಗಿ ಮೂರರಲ್ಲಿ ಒಂದು ಬಾರಿ ಗೆಲ್ಲುತ್ತವೆಂಬುದು ಅನೇಕ ದೇಶಗಳ ಅನುಭವ. ಆದ್ದರಿಂದ ಟಿಪ್ಸ್ ಬರೆಯುವವನು ವಾರಕ್ಕೆ ಕೆಲವಾದರೂ ಗೆಲುವನ್ನು ತೋರಿಸಿ ಬೀಗಬಹುದು. ಋತುವಿನ ಕೊನೆಗೆ ನಾನು ಕೂಡಿಸಿ ನೋಡಿದಾಗ ಅವನನ್ನು ನಂಬಿ ಪಣ ಕಟ್ಟಿದವನಿಗೆ ಉಳಿಯುವುದು ನಷ್ಟವೇ ಎಂಬುದು ಸ್ಪಷ್ಟವಾಗಿತ್ತು. ನಮ್ಮ ಗುಂಪಿನಲ್ಲಿಯೇ ಒಬ್ಬರು ಆ ಟಿಪ್ಸ್ ಅನ್ನು ವೇದವಾಕ್ಯವೆಂದು ಬಗೆದಿದ್ದರು. ಮೊದಲು ಸಂಬಳ ಹೋಯಿತು, ಆಮೇಲೆ ಭವಿಷ್ಯನಿಧಿಯ ಸಾಲ, ಕೊನೆಗೆ ಹೆಂಡತಿಯ ಬಳೆ. ಅವರು ಗ್ಯಾಲರಿಗೆ ಬರುವುದನ್ನು ನಿಲ್ಲಿಸಿದ ದಿನವೂ ಪತ್ರಿಕೆಯಲ್ಲಿ ‘ದಿನದ ಬೆಸ್ಟ್’ ಎಂದಿನಂತೆ ಅಚ್ಚಾಗಿತ್ತು. ತಪ್ಪು ಅವರದೇ, ಪತ್ರಿಕೆಯದಲ್ಲ ಎನ್ನಬಹುದು. ಆದರೂ ಟಿಪ್ಸ್ ಕೊಡುವವನು ತನ್ನ ಗೆಲುವು ಸೋಲಿನ ಲೆಕ್ಕವನ್ನು ತಿಂಗಳಿಗೊಮ್ಮೆಯಾದರೂ ಪ್ರಕಟಿಸುವುದು ಕನಿಷ್ಠ ಪ್ರಾಮಾಣಿಕತೆಯಲ್ಲವೇ?

ಈ ಲೆಕ್ಕಕ್ಕೆ ಈಗ ಇನ್ನೊಂದು ಬಾಬತ್ತು ಸೇರಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ರೇಸಿನ ಪಣಕ್ಕೆ ಶೇಕಡಾ 28ರ ದರ ಬಿತ್ತು. ತೆರಿಗೆ ಪೂರ್ತಿ ಪಣದ ಮೇಲೋ, ಕ್ಲಬ್ಬಿನ ಕಮಿಷನ್ ಮೇಲೋ ಎಂಬ ವಿವಾದದಲ್ಲಿ ಕರ್ನಾಟಕ ಹೈಕೋರ್ಟು 2021ರಲ್ಲಿ ಕ್ಲಬ್ಬಿನ ಪರವಾಗಿ ತೀರ್ಪು ನೀಡಿತು. 2023ರ ಅಕ್ಟೋಬರಿನಿಂದ ಕಾನೂನಿನ ತಿದ್ದುಪಡಿಯ ಮೂಲಕ ಪೂರ್ತಿ ಪಣವೇ ತೆರಿಗೆಯ ವ್ಯಾಪ್ತಿಗೆ ಬಂದಿತು. 2025ರ ಸೆಪ್ಟೆಂಬರಿನಲ್ಲಿ ದರ ಶೇಕಡಾ 40ಕ್ಕೆ ಏರಿತು. ಹತ್ತು ರೂಪಾಯಿಯ ಪಣದ ಮೇಲೆ ನಾಲ್ಕು ರೂಪಾಯಿ ತೆರಿಗೆಯನ್ನು ಕೂಡಿಸಿ ಲೆಕ್ಕ ಹಾಕಿದರೆ ಖರ್ಚು ಹದಿನಾಲ್ಕು. ಟೋಟು ಹದಿಮೂರು ರೂಪಾಯಿ ಕೊಟ್ಟರೆ ಕುದುರೆ ಗೆದ್ದರೂ ಪಣ ಕಟ್ಟಿದವನು ಸೋತ! ಈ ಸರಳ ಸತ್ಯವನ್ನು ಟಿಪ್ಸ್ ಬರೆಯುವವರು ಓದುಗರಿಗೆ ಹೇಳಬೇಡವೇ?

ಬೇರೆಡೆ ಹೀಗಿರಲಿಲ್ಲ

ರೇಸಿನ ಬರವಣಿಗೆ ಎಲ್ಲೆಡೆಯೂ ಹೀಗೆಯೇ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಫಿಲ್ ಬುಲ್ ಗಣಿತದ ಮೇಷ್ಟ್ರಾಗಿದ್ದವರು. ಓಟದ ಸಮಯವನ್ನು ಮೈದಾನದ ಸ್ಥಿತಿ, ಭಾರ, ದೂರಗಳಿಗೆ ಹೊಂದಿಸಿ ಅಳೆಯುವ ವಿಧಾನವನ್ನು ಬೆಳೆಸಿ 1948ರಲ್ಲಿ ‘ಟೈಮ್‌ಫಾರ್ಮ್’ ಸಂಸ್ಥೆಯನ್ನು ಹುಟ್ಟುಹಾಕಿದರು. ಪ್ರತಿಯೊಂದು ಕುದುರೆಯ ಬಗೆಗೂ ಕಾರಣಸಹಿತವಾದ ಟಿಪ್ಪಣಿ ಬರೆಯುವ ಪರಂಪರೆ ಅವರದು. ಅಮೆರಿಕದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಅಂಕಣಕಾರ ಆಂಡ್ರ್ಯೂ ಬೇಯರ್ ತಾವು ಕಂಡುಕೊಂಡ ವೇಗದ ಲೆಕ್ಕಾಚಾರವನ್ನು ಗುಟ್ಟಾಗಿ ಇಟ್ಟುಕೊಳ್ಳದೆ 1975ರಲ್ಲಿ ಪುಸ್ತಕವಾಗಿಸಿದರು. ಮುಂದೆ 1992ರಿಂದ ಅವರ ಅಂಕಿಗಳು ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆಯಲ್ಲಿಯೇ ಅಚ್ಚಾಗತೊಡಗಿದವು. ಬಲ್ಲವರ ಸೊತ್ತಾಗಿದ್ದ ಜ್ಞಾನ ಪತ್ರಿಕೆ ಕೊಂಡ ಪ್ರತಿಯೊಬ್ಬನ ಸೊತ್ತಾಯಿತು. ಪತ್ತೇದಾರಿ ಕಾದಂಬರಿಗಳಿಂದ ಪ್ರಸಿದ್ಧರಾದ ಡಿಕ್ ಫ್ರಾನ್ಸಿಸ್ ಸ್ವತಃ ಜಾಕಿಯಾಗಿದ್ದವರು. 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಗೆಲುವಿನ ಗಡಿಯ ಹತ್ತಿರ ಬಂದು ಕುಸಿದ ಡೆವನ್ ಲಾಕ್ ಕುದುರೆಯ ಮೇಲಿದ್ದವರು ಅವರೇ. ನಿವೃತ್ತಿಯ ನಂತರ ಹದಿನಾರು ವರ್ಷ ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಗೆ ರೇಸಿನ ವರದಿ ಬರೆದರು. ಜೀನಿನ ಮೇಲೆ ಕುಳಿತವನ ಕಣ್ಣು ವರದಿಗೆ ದಕ್ಕಿತು.

ಕುದುರೆಯ ಪರವಾಗಿ

ಎಲ್ಲಕ್ಕಿಂತ ನೋವಿನ ಮೌನ ಇನ್ನೊಂದಿದೆ. ಓಟದ ನಡುವೆ ಕುದುರೆಯ ಕಾಲು ಮುರಿದರೆ ‘ಓಟ ಪೂರೈಸಲಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಪರದೆ ಹಿಡಿದು ವೈದ್ಯರು ಅದಕ್ಕೆ ಕೊನೆಯ ಚುಚ್ಚುಮದ್ದು ಕೊಡುವುದನ್ನು ನೋಡಿದವರಿಗೆ ಆ ಎರಡು ಪದಗಳ ಹಿಂದಿರುವುದೇನು ಎಂಬುದು ಗೊತ್ತು. ಅರ್ಧ ಟನ್ನಿನಷ್ಟು ತೂಕದ ಪ್ರಾಣಿ ತಿಂಗಳುಗಟ್ಟಲೆ ಮಲಗಿರಲಾರದು. ಮುರಿದ ಕಾಲನ್ನು ಎತ್ತಿಕೊಂಡು ನಿಂತರೆ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು ಅವುಗಳ ಗೊರಸೂ ಕೆಡುತ್ತದೆ.

2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಎರಡೇ ವಾರಗಳಲ್ಲಿ ಪ್ರೀಕ್‌ನೆಸ್ ಓಟದಲ್ಲಿ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ನಡೆಯಿತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ನೀಡುವವರೆಗೂ ಅಮೆರಿಕದ ಪತ್ರಿಕೆಗಳು ಅದರ ಸ್ಥಿತಿಯನ್ನು ವರದಿ ಮಾಡುತ್ತಲೇ ಇದ್ದವು. 2019ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಮೈದಾನದಲ್ಲಿ ಕುದುರೆಗಳು ಒಂದಾದ ಮೇಲೊಂದರಂತೆ ಸತ್ತಾಗಲೂ ಪತ್ರಿಕೆಗಳು ಲೆಕ್ಕ ಕೇಳಿದವು. ಔಷಧ ಬಳಕೆ ಮತ್ತು ಸುರಕ್ಷತೆಗೆ ರಾಷ್ಟ್ರಮಟ್ಟದ ಕಾನೂನು 2020ರ ಡಿಸೆಂಬರಿನಲ್ಲಿ ಬಂದಿತು. ವರದಿಗಾರರು ರೇಸಿನ ಶತ್ರುಗಳಾಗಿ ಇದನ್ನು ಮಾಡಲಿಲ್ಲ. ರೇಸು ಉಳಿಯಬೇಕಾದರೆ ಕುದುರೆ ಉಳಿಯಬೇಕೆಂಬುದು ಅವರಲ್ಲಿ ಅನೇಕರಿಗೆ ತಿಳಿದಿತ್ತು.

ನಮ್ಮ ನಾಡಿಗೆ ಕುದುರೆಯ ಬಗ್ಗೆ ಬರೆಯುವುದು ಹೊಸದೇನಲ್ಲ. ಯಾಗದ ಕುದುರೆಯ ಬೆನ್ನು ಹತ್ತಿ ಸಾಗುವ ಲಕ್ಷ್ಮೀಶನ ಜೈಮಿನಿ ಭಾರತವನ್ನು ಮನೆಮನೆಯಲ್ಲಿ ಓದಿದವರು ನಾವು. ಮೈಸೂರು ಅರಸರ ಕಾಲದಲ್ಲಿ ಪದ್ಮಣ ಪಂಡಿತ ಅಶ್ವಶಾಸ್ತ್ರವನ್ನು ಕುರಿತು ‘ಹಯಸಾರ ಸಮುಚ್ಚಯ’ವನ್ನು ಕನ್ನಡದಲ್ಲಿಯೇ ರಚಿಸಿದ. ಟಿಪ್ಪುವಿನ ಕಾಲದ ಹಿನ್ನೆಲೆಯುಳ್ಳ ಕುಣಿಗಲ್ ಸ್ಟಡ್ ಫಾರ್ಮ್ ನಮ್ಮಲ್ಲಿದೆ. 1891ರಷ್ಟು ಹಿಂದಿನ ಮೈಸೂರು ರೇಸ್ ಕ್ಲಬ್ಬು ಚಾಮುಂಡಿ ಬೆಟ್ಟದ ತಪ್ಪಲಲ್ಲಿದೆ. ಇಷ್ಟಿದ್ದೂ ಬೆಳಗಿನ ಜಾವ ಕುದುರೆಯ ಮೈ ತಿಕ್ಕುವ ಸೈಸನ ಬದುಕು, ತೂಕ ಇಳಿಸಲು ಹಸಿವಿನಿಂದಿರುವ ಜಾಕಿಯ ಪಾಡು, ಓಟ ನಿಲ್ಲಿಸಿದ ಕುದುರೆ ಎಲ್ಲಿಗೆ ಹೋಗುತ್ತದೆಂಬ ವಿಚಾರ ಇವು ನಮ್ಮ ಪತ್ರಿಕೆಗಳಲ್ಲಿ ಅಪರೂಪ.

ಮೈದಾನದ ಅಳಿವು ಉಳಿವಿನ ಪ್ರಶ್ನೆಯೂ ಈಗ ಎದುರಿಗಿದೆ. ಬೆಂಗಳೂರಿನ ರೇಸ್ ಕೋರ್ಸಿನ ಗುತ್ತಿಗೆ 2009ರ ಕೊನೆಗೆ ಮುಗಿದ ಮೇಲೆ ಸ್ಥಳಾಂತರದ ಮಾತು, ವ್ಯಾಜ್ಯ ನಡೆದೇ ಬಂದಿವೆ. ಚೆನ್ನೈನ ಗಿಂಡಿ ಮೈದಾನದ ಗುತ್ತಿಗೆಯನ್ನು ತಮಿಳುನಾಡು ಸರಕಾರ 2024ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ಮುಂಬಯಿಯ ಮಹಾಲಕ್ಷ್ಮಿ ಮೈದಾನದ ದೊಡ್ಡ ಭಾಗವನ್ನು ಉದ್ಯಾನಕ್ಕೆ ಬಿಟ್ಟುಕೊಡುವ ನಿರ್ಧಾರವೂ ಅದೇ ವರ್ಷದ್ದು. ಇಂತಹ ಹೊತ್ತಿನಲ್ಲಿ ರೇಸಿನ ಪರವಾಗಿ ಮಾತನಾಡುವವರು ಸಾರ್ವಜನಿಕರಲ್ಲಿ ಏಕೆ ಕಡಿಮೆ? ರೇಸೆಂದರೆ ಒಂದೋ ಟೋಪಿ ತೊಟ್ಟ ಶ್ರೀಮಂತರ ಛಾಯಾಚಿತ್ರ, ಇಲ್ಲವೇ ಬುಕ್ಕಿಗಳ ಮೇಲಿನ ದಾಳಿಯ ಸುದ್ದಿ ಎಂದಷ್ಟೇ ಪತ್ರಿಕೆಗಳು ತೋರಿಸುತ್ತಾ ಬಂದಿವೆ. ನಡುವೆ ಇರುವ ಆಟವನ್ನು ಯಾರೂ ಜನರಿಗೆ ಪರಿಚಯಿಸಲಿಲ್ಲ.

ನಾನು ಕೇಳುವುದು ಹೆಚ್ಚೇನೂ ಅಲ್ಲ. ಟಿಪ್ಸಿನ ಜಾಗದಲ್ಲಿ ಅರ್ಧವನ್ನು ವರದಿಗೆ ಕೊಡಿ. ಸ್ಟೀವರ್ಡುಗಳ ತೀರ್ಮಾನವನ್ನು ಕಾರಣಸಹಿತ ಬರೆಯಿರಿ. ಟಿಪ್ಸ್ ಕೊಡುವುದಾದರೆ ಅದರ ಲಾಭ ನಷ್ಟವನ್ನೂ ಅಚ್ಚು ಹಾಕಿ. ಬಿದ್ದ ಕುದುರೆಯ ಹೆಸರನ್ನೂ ಅದಕ್ಕೆ ಏನಾಯಿತೆಂಬುದನ್ನೂ ತಿಳಿಸಿ. ಕೊನೆಯ ಇನ್ನೂರು ಮೀಟರಿನಲ್ಲಿ ಕುದುರೆಯೊಂದು ಕಿವಿ ಹಿಂದಕ್ಕೆ ಮಡಿಚಿ, ಕತ್ತು ಚಾಚಿ ಮುನ್ನುಗ್ಗುವಾಗ ಜೇಬಿನಲ್ಲಿ ಟಿಕೆಟ್ ಇಲ್ಲದವನ ಎದೆಯೂ ಹೊಡೆದುಕೊಳ್ಳುತ್ತದೆ. ಆ ಕ್ಷಣಕ್ಕಾಗಿ ನಾನು ಈಗಲೂ ಮೈದಾನಕ್ಕೆ ಹೋಗುತ್ತೇನೆ. ಪಣ ಕಟ್ಟುವುದನ್ನು ಬಿಟ್ಟು ಬಹಳ ವರ್ಷಗಳಾದವು. ಸೋಮವಾರ ಬೆಳಿಗ್ಗೆ ಆ ಕ್ಷಣವನ್ನು ಪತ್ರಿಕೆಯಲ್ಲಿ ಹುಡುಕುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.