ಬಾಗಿಲು ದಾಟಿದರೂ ಒಳಗಿಲ್ಲ

ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನವೆಂದರೆ ಪತ್ರಿಕೆ ಓದುವವರ ಕಣ್ಣಿಗೆ ಕಟ್ಟುವುದು ಬಾವುಟಗಳ ಸಾಲು, ಭವ್ಯ ವೇದಿಕೆ, ಕೈ ಕುಲುಕುವ ನಾಯಕರು. ಆದರೆ ಅಲ್ಲಿಗೆ ಒಂದು ದೇಶದ ಪ್ರತಿನಿಧಿಯಾಗಿ ಹೋಗುವವರು ಮಾತನಾಡುವ ಮೊದಲು ಒಂದರ ಹಿಂದೊಂದು ಬಾಗಿಲು ದಾಟಬೇಕು. ಎಲ್ಲರಿಗೂ ಅದು ಸಮಾನವಾಗಿ ಸಾಧ್ಯವಾಗುವುದಿಲ್ಲ ಎಂಬುದರಲ್ಲೇ ಈ ಸಮ್ಮೇಳನಗಳ ಒಂದು ದೊಡ್ಡ ಸಮಸ್ಯೆ ಅಡಗಿದೆ.

1992ರಲ್ಲಿ ರಿಯೋ ಡಿ ಜನೈರೋದಲ್ಲಿ ಸಹಿಗೆ ಬಂದ ಹವಾಮಾನ ಒಪ್ಪಂದವು 1994ರಲ್ಲಿ ಜಾರಿಯಾಯಿತು. ಸದಸ್ಯ ರಾಷ್ಟ್ರಗಳ ಮೊದಲ ಸಮ್ಮೇಳನ 1995ರಲ್ಲಿ ಬರ್ಲಿನ್‌ನಲ್ಲಿ ಸೇರಿದಾಗ ಬಂದವರು ಸುಮಾರು 4,000 ಮಂದಿ. 2023ರ ದುಬೈ ಸಮ್ಮೇಳನಕ್ಕೆ ಬಂದವರು 80,000ಕ್ಕೂ ಹೆಚ್ಚು. ಅದು ಜಾತ್ರೆಯೇ ಸರಿ.

ಮೊದಲ ಬಾಗಿಲು ಕಾಗದದ್ದು. ಪ್ರತಿನಿಧಿಯ ಅಧಿಕಾರಪತ್ರಕ್ಕೆ ರಾಷ್ಟ್ರದ ಅಥವಾ ಸರ್ಕಾರದ ಮುಖ್ಯಸ್ಥರು, ಇಲ್ಲವೇ ವಿದೇಶಾಂಗ ಸಚಿವರು ಸಹಿ ಮಾಡಿರಬೇಕು. ಸಮ್ಮೇಳನ ಆರಂಭವಾದ 24 ಗಂಟೆಯೊಳಗೆ ಅದು ಸಚಿವಾಲಯಕ್ಕೆ ಸೇರಬೇಕೆಂಬುದು ನಿಯಮ. ಆಗ ಅವರು ಮಾತುಕತೆ ನಡೆಸಬಲ್ಲ ಪ್ರತಿನಿಧಿ. ಸ್ವಯಂಸೇವಾ ಸಂಸ್ಥೆಗಳವರು ಬರೀ ವೀಕ್ಷಕರು. ಅವರ ಕೊರಳಿಗೆ ಬೀಳುವ ಚೀಟಿಯೇ ಬೇರೆ.

ಎರಡನೆಯದು ಹಣದ್ದು. ಬಡ ರಾಷ್ಟ್ರಗಳ ಪ್ರತಿನಿಧಿಗಳ ಪ್ರಯಾಣಕ್ಕೆಂದು ಒಪ್ಪಂದದಡಿ ಒಂದು ನಿಧಿಯುಂಟು. ಅದು ತುಂಬುವುದು ಇತರರು ಸ್ವಇಚ್ಛೆಯಿಂದ ಕೊಡುವ ಹಣದಿಂದ. ಸಿಗುವುದು ಕೆಲವೇ ಮಂದಿಗೆ ಸಾಲುವಷ್ಟು. 2025ರಲ್ಲಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ಹೋಟೆಲ್ ಕೊಠಡಿಗಳ ಬಾಡಿಗೆ ಗಗನಕ್ಕೇರಿದಾಗ ಬಡ ದೇಶಗಳು ದೂರಿದವು. ಕೊನೆಗೆ ಎರಡು ಪ್ರವಾಸಿ ಹಡಗುಗಳನ್ನು ತಂದು ನಿಲ್ಲಿಸಿ ಮಲಗಲು ಜಾಗ ಮಾಡಬೇಕಾಯಿತು.

ಮೂರನೆಯದು ನಿಜವಾದ ಬಾಗಿಲು. 2009ರ ಕೋಪನ್‌ಹೇಗನ್ ಸಮ್ಮೇಳನ ನಡೆದ ಬೆಲ್ಲಾ ಸೆಂಟರ್‌ನಲ್ಲಿ ಹಿಡಿಸುವುದು 15,000 ಜನ. ಹೆಸರು ನೋಂದಾಯಿಸಿದವರು ಸುಮಾರು 45,000. ಡಿಸೆಂಬರ್ ಚಳಿಯಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಕೊನೆಯ ದಿನಗಳಲ್ಲಿ ವೀಕ್ಷಕರ ಪೈಕಿ ಬಹುತೇಕರು ಹೊರಗೇ ಉಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು. 2021ರಲ್ಲಿ ಗ್ಲಾಸ್ಗೋದಲ್ಲಿ ಗಾಲಿಕುರ್ಚಿ ಬಳಸುವ ಇಸ್ರೇಲಿನ ಇಂಧನ ಸಚಿವೆ ಕರೀನ್ ಎಲ್‌ಹರಾರ್ ಅವರೇ ಒಂದು ದಿನ ಒಳಹೋಗಲಾಗದೆ ಮರಳಬೇಕಾಯಿತು.

ಒಳಗೆ ಹೋದವರಿಗೆ ಕಾಣುವುದು ಸಮಾನತೆಯ ನೋಟ. ಆಸನಗಳು ದೇಶಗಳ ಹೆಸರಿನ ಅಕ್ಷರಕ್ರಮದಲ್ಲಿರುತ್ತವೆ. ಮತದಾನದ ನಿಯಮದ ಬಗ್ಗೆ 1995ರಿಂದ ಇಂದಿನವರೆಗೂ ಒಪ್ಪಿಗೆ ಮೂಡಿಲ್ಲ. ಹೀಗಾಗಿ ಮುಖ್ಯ ತೀರ್ಮಾನಗಳೆಲ್ಲ ಒಮ್ಮತದಿಂದಲೇ ಆಗಬೇಕು. ಸುಮಾರು ಹತ್ತು ಸಾವಿರ ಜನರ ತುವಾಲುವಿನ ಆಕ್ಷೇಪಕ್ಕೂ 140 ಕೋಟಿ ಜನರ ಚೀನಾದ ಆಕ್ಷೇಪಕ್ಕೂ ಕಾಗದದ ಮೇಲೆ ಒಂದೇ ತೂಕ.

ಆದರೆ ಅಸಲು ಕೆಲಸ ನಡೆಯುವುದು ಆ ದೊಡ್ಡ ಸಭಾಂಗಣದಲ್ಲಲ್ಲ. ಹಣಕಾಸು, ಇಂಗಾಲ ಮಾರುಕಟ್ಟೆ, ನಷ್ಟ ಪರಿಹಾರ ಹೀಗೆ ಹತ್ತಾರು ವಿಷಯಗಳು ಚಿಕ್ಕ ಕೊಠಡಿಗಳಲ್ಲಿ ಏಕಕಾಲಕ್ಕೆ ಚರ್ಚೆಗೆ ಬರುತ್ತವೆ. ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣದಲ್ಲಿಟ್ಟು, ಒಂದೊಂದೇ ಆವರಣ ಬಿಡಿಸುತ್ತಾ ರಾತ್ರಿಯೆಲ್ಲ ಕೂರುವುದುಂಟು. ಸಭಾಂಗಣದಲ್ಲಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ ಅನುವಾದದ ವ್ಯವಸ್ಥೆಯಿದೆ. ಚಿಕ್ಕ ಕೊಠಡಿಗಳಲ್ಲಿ ನಡೆಯುವುದು ಇಂಗ್ಲಿಷ್ ಒಂದೇ. ದೊಡ್ಡ ದೇಶ ಪ್ರತಿ ಕೊಠಡಿಗೂ ಒಬ್ಬ ತಜ್ಞರನ್ನು ಕಳಿಸಬಲ್ಲದು. ಮೂವರು ಪ್ರತಿನಿಧಿಗಳ ದೇಶ ಎಲ್ಲಿ ಕೂರಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಳ್ಳಬೇಕು.

ಇದಕ್ಕೆ ಸಣ್ಣವರು ಕಂಡುಕೊಂಡ ಉಪಾಯ ಗುಂಪುಗೂಡುವುದು. 1990ರಲ್ಲಿ ಹುಟ್ಟಿದ ಸಣ್ಣ ದ್ವೀಪ ರಾಷ್ಟ್ರಗಳ ಒಕ್ಕೂಟದಲ್ಲಿ 39 ದೇಶಗಳಿವೆ. ಒಬ್ಬರು ಎಲ್ಲರ ಪರವಾಗಿ ಮಾತನಾಡುತ್ತಾರೆ. ಆದರೆ ಅದಕ್ಕೆ ಮೊದಲು ತಮ್ಮತಮ್ಮಲ್ಲೇ ಕೂತು ಒಂದು ಮಾತಿಗೆ ಬರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಆ ಸಮಯವೇ ದುಬೈಯಲ್ಲಿ ಅವರಿಗೆ ಸಿಗಲಿಲ್ಲ. 2023ರ ಡಿಸೆಂಬರ್ 13ರಂದು ಕಲ್ಲಿದ್ದಲು, ತೈಲ, ಅನಿಲದಂಥ ಇಂಧನಗಳಿಂದ ದೂರ ಸರಿಯುವ ಮಾತನ್ನು ಒಳಗೊಂಡ ನಿರ್ಣಯವನ್ನು ಅಧ್ಯಕ್ಷರು ಸುತ್ತಿಗೆ ಬಡಿದು ಅಂಗೀಕರಿಸಿದರು. ಒಕ್ಕೂಟದ ಪರವಾಗಿ ಎದ್ದ ಸಮೋವಾದ ಆ್ಯನ್ ರಾಸ್ಮುಸೆನ್, ನಿರ್ಣಯವಾದಾಗ ಸಣ್ಣ ದ್ವೀಪ ರಾಷ್ಟ್ರಗಳು ಸಭಾಂಗಣದಲ್ಲೇ ಇರಲಿಲ್ಲ, ತಮ್ಮೊಳಗಿನ ಸಮಾಲೋಚನೆ ಮುಗಿಸಿ ಆಗಷ್ಟೇ ಬಂದೆವು ಎಂದರು. ಸಭೆ ಎದ್ದು ನಿಂತು ಬಹುಹೊತ್ತು ಚಪ್ಪಾಳೆ ತಟ್ಟಿತು. ನಿರ್ಣಯ ಮಾತ್ರ ಇದ್ದಂತೆಯೇ ಉಳಿಯಿತು.

ಸಮುದ್ರ ಏರಿದರೆ ಮೊದಲು ಮುಳುಗುವವರು ಅವರೇ. ಅವರ ಬಳಿ ಅಧಿಕಾರಪತ್ರವಿತ್ತು, ಆಸನವಿತ್ತು, ಆಕ್ಷೇಪಿಸುವ ಹಕ್ಕೂ ಇತ್ತು. ಸಮ್ಮೇಳನಕ್ಕೆ ಎಷ್ಟು ಸಾವಿರ ಜನ ಬಂದರೆಂಬ ಲೆಕ್ಕ ಪ್ರತಿ ವರ್ಷ ಪ್ರಕಟವಾಗುತ್ತದೆ. ಪದಗಳು ಬದಲಾಗುವ ಹೊತ್ತಿನಲ್ಲಿ ಕೊಠಡಿಯಲ್ಲಿ ಯಾರಿದ್ದರು ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ.