ಕಿರುಬೆರಳಿಗಿಂತ ಚಿಕ್ಕದು, ತೊಟ್ಟಿಯೆಲ್ಲ ತನ್ನದು

ಐಗಳಿಯ ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ,
ಗಪ್ಪಿಗಳ ನಡುವೆ,
ಈ ಕುಬ್ಜ ಪಫರ್ ಮೀನನ್ನು ಬಿಡಬಹುದೆ?

ಬೇಡ.

ಕೇರಳದ ಪಂಪಾ ಮೊದಲಾದ ಪಶ್ಚಿಮಘಟ್ಟದ ನದಿಗಳಲ್ಲಿ ಜನಿಸಿ,
1941ರಲ್ಲಿ ಹೋರಾ ಮತ್ತು ನಾಯರ್ ಅವರಿಂದ ಶಾಸ್ತ್ರೀಯ ನಾಮವನ್ನು ಪಡೆದ,
3 ಸೆಂಟಿಮೀಟರಿನ ಆಸುಪಾಸಿನ ಈ ಪುಟ್ಟ ಜೀವಿ,
ದ್ರಾಕ್ಷಿತೋಟದ ಬದುವನ್ನು ಹಗಲಿರುಳು ಕಾಯುವ ರೈತನಂತೆ
ತನ್ನ ಮೂಲೆಯನ್ನು ಕಾಯುವುದು.

ನೋಡಿರಿ, ಎಷ್ಟು ಚೆಲುವು!
ಒಂದು ಕಣ್ಣು ಎಲೆಯ ಮೇಲಿನ ಬಸವನಹುಳುವಿನತ್ತ,
ಇನ್ನೊಂದು ನಮ್ಮತ್ತ.
ಚಿಪ್ಪನ್ನೊಡೆಯುವ ಆ ಹಲ್ಲುಗಳೇ
ಗಪ್ಪಿಯ ರೇಷ್ಮೆಯಂಥ ಬಾಲವನ್ನೂ ಹರಿದುಬಿಡುವುವು.

ಆದುದರಿಂದ ಇದಕ್ಕೆ ಬೇರೆಯೇ ತೊಟ್ಟಿ ಬೇಕು: ಒಂದೇ ಮೀನಾದರೆ ಕನಿಷ್ಠ 20 ಲೀಟರು ನೀರು;
ಗುಂಪಾಗಿ ಸಾಕುವುದಾದರೆ, ಒಂದು ಗಂಡಿಗೆ ಎರಡು ಮೂರು ಹೆಣ್ಣು,
60 ಲೀಟರಿನ ತೊಟ್ಟಿ,
ಒಂದರ ದೃಷ್ಟಿಯಿಂದ ಇನ್ನೊಂದು ಮರೆಯಾಗುವಷ್ಟು ದಟ್ಟವಾದ ಸಸ್ಯರಾಶಿ.

ಸಾಕಲಾಗದೆ ಹೋದರೂ ಕೃಷ್ಣೆಗೆ ಬಿಡಬೇಡಿರಿ;
ಅದು ಇದರ ತವರಲ್ಲ.